ಆರನೇ ಸುತ್ತಿನ ಲೆಕ್ಕ

ಸ್ವೆಟರ್ ಹೆಣೆಯುವವರಿಗೆ ಒಂದು ಅನುಕೂಲ ಇದೆ. ಎಲ್ಲೋ ಒಂದು ಕೊಂಡಿ ಬಿಟ್ಟುಹೋಯಿತು ಅನ್ನಿ, ಎಳೆ ಹಿಡಿದು ಜಗ್ಗಿದರೆ ಸರ್ರಂತ ಬಿಚ್ಚಿಕೊಳ್ಳುತ್ತದೆ. ಕ್ರೋಶಾ ಕೂಡ ಹಾಗೇ. ಟ್ಯಾಟಿಂಗ್ ಮಾತ್ರ ಹಾಗಲ್ಲ. ಅದು ಪೂರ್ತಿ ಗಂಟಿನ ಕೆಲಸ. ಗಂಟು ಪೋಣಿಸಿ, ದಾರ ಎಳೆದು ಒಂದು ಉಂಗುರ ಮುಚ್ಚಿದಿರೋ, ಮುಗಿಯಿತು. ಮತ್ತೆ ತೆರೆಯಬೇಕೆಂದರೆ ಸೂಜಿಮೊನೆ, ಭೂತಗನ್ನಡಿ, ಅರ್ಧ ದಿನದ ತಾಳ್ಮೆ ಬೇಕು. ಅಷ್ಟಾದರೂ ದಾರ ನಾರು ನಾರಾಗುವುದೇ ಹೆಚ್ಚು. ಹಾಗಾಗಿ ಇದರಲ್ಲಿ ಉಳಿಯುವುದು ಎರಡೇ ದಾರಿ. ಕತ್ತರಿ ಹಾಕುವುದು, ಇಲ್ಲವೇ ಆದದ್ದನ್ನು ಆದ ಹಾಗೆ ಇಟ್ಟುಕೊಂಡು ಮುಂದೆ ಹೋಗುವುದು.

ನಮ್ಮ ಮನೆಯಲ್ಲಿ ಈ ವರ್ಷ ಯುಗಾದಿಯಿಂದ ಶ್ರಾವಣದವರೆಗೆ ನಡೆದದ್ದು ಇದೇ ಚರ್ಚೆ. ಊಟದ ತಟ್ಟೆಯಷ್ಟು ಅಗಲದ ಒಂದು ಲೇಸ್ ಡೋಯ್ಲಿ. ಅದರ ಆರನೇ ಸುತ್ತು. ಕತ್ತರಿಸೋದಾ, ಬಿಡೋದಾ?

ಡೋಯ್ಲಿ ಅಂದರೆ ಏನು ಅಂತ ಕೇಳುವವರು ನಿಮ್ಮ ಅಜ್ಜಿ ಮನೆಯ ಹಳೇ ಫೋಟೊ ಆಲ್ಬಮ್ ತೆಗೆದು ನೋಡಿ. ಡಬ್ಬದಂಥ ಟಿ.ವಿ. ಮೇಲೆ, ಫ್ರಿಜ್ ಮೇಲೆ, ಟೀಪಾಯಿ ಮೇಲೆ, ಪ್ಲಾಸ್ಟಿಕ್ ಹೂವಿನ ಕುಂಡದ ಕೆಳಗೆ ಹಾಸಿದ ಬಿಳಿ ಜಾಲರಿ ಕಾಣುತ್ತದಲ್ಲ, ಅದೇ. ಟಿ.ವಿ. ಚಪ್ಪಟೆಯಾಗಿ ಗೋಡೆ ಹತ್ತಿದ ಮೇಲೆ ಪಾಪ ಅದಕ್ಕೆ ಕೂರಲು ಜಾಗ ಇಲ್ಲದಂತಾಯಿತು. ಅವುಗಳಲ್ಲಿ ಹೆಚ್ಚಿನವು ಕ್ರೋಶಾ ಕಡ್ಡಿಯಲ್ಲಿ ಹಾಕಿದವು. ಟ್ಯಾಟಿಂಗ್‌ನವು ಅಪರೂಪ.

ಅವ್ವ ಟ್ಯಾಟಿಂಗ್ ಕಲಿತದ್ದು ದೇವಸುಗೂರಿನಲ್ಲಿ. ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದರೆ ಸುಮಾರು 20 ಕಿಲೊಮೀಟರ್. ಸೂಗೂರೇಶ್ವರನ ಗುಡಿ, ಪಕ್ಕದಲ್ಲಿ ಕೃಷ್ಣೆ, ಹೊಳೆಗೆ ಅಡ್ಡಲಾಗಿ ನಿಜಾಮರ ಕಾಲದ ಸೇತುವೆ. ಇಷ್ಟಿದ್ದ ಊರಿಗೆ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಬಂತು. 1985ರಲ್ಲಿ ಮೊದಲ ಘಟಕ ಶುರುವಾದದ್ದು, ಈಗ ಎಂಟು ಘಟಕ, 1,720 ಮೆಗಾವಾಟ್. ಅದರ ಜೊತೆಗೇ ಶಕ್ತಿನಗರದ ಕಾಲೊನಿ ಬೆಳೆಯಿತು. ಮೈಸೂರಿನವರು, ಧಾರವಾಡದವರು, ಮಂಗಳೂರಿನವರು, ನಮ್ಮಂಥ ಸುತ್ತಲಿನ ಹಳ್ಳಿಯವರು, ಎಲ್ಲರೂ ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ. ಒಬ್ಬರ ಮನೆಯ ಕೋರಿರೊಟ್ಟಿ ಇನ್ನೊಬ್ಬರ ಮನೆಗೆ, ಇವರ ಮನೆಯ ಶೇಂಗಾ ಹಿಂಡಿ ಅವರ ಮನೆಗೆ. ಹಾಗೆಯೇ ನಮ್ಮ ಮನೆಗೆ ಬಂದದ್ದು ಈ ಲೇಸ್. ತಂದವರು ಪಕ್ಕದ ಮನೆಯ ಮಂಗಳೂರು ಆಂಟಿ. ಅವರು ಹುಡುಗಿಯಾಗಿದ್ದಾಗ ಕಾನ್ವೆಂಟ್‌ನ ಹೊಲಿಗೆ ಕ್ಲಾಸಿನಲ್ಲಿ ಕಲಿತದ್ದಂತೆ. ಅಪ್ಪ, ಅಂಕಲ್ ಇಬ್ಬರಿಗೂ ಒಂದೇ ಶಿಫ್ಟ್ ಇದ್ದ ವಾರಗಳಲ್ಲಿ, ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಮುಚ್ಚಿಕೊಂಡು, ಫ್ಯಾನಿನ ಕೆಳಗೆ ಕೂತು ಆಂಟಿ ಅವ್ವನಿಗೆ ಕಲಿಸಿದರು.

ಇದಕ್ಕೆ ಬೇಕಾದದ್ದು ತೀರಾ ಕಮ್ಮಿ. ಒಂದು ಶಟಲ್, ಒಂದು ಉಂಡೆ ದಾರ. ಶಟಲ್ ಅಂದರೆ ನೇಕಾರರ ಲಾಳಿಯ ಮರಿ ಇದ್ದ ಹಾಗೆ, ಅಂಗೈಯಲ್ಲಿ ಅಡಗುವಷ್ಟು. ಅವ್ವ ಅದನ್ನು ಲಾಳಿ ಅಂತಲೇ ಕರೆಯುತ್ತಾಳೆ. ಎಡಗೈ ಬೆರಳುಗಳಿಗೆ ದಾರ ಸುತ್ತಿ, ಹೆಬ್ಬೆರಳು ತೋರುಬೆರಳಿನಲ್ಲಿ ಚಿಮಟಿ ಹಿಡಿಯಬೇಕು. ಬಲಗೈಯ ಲಾಳಿ ಆ ದಾರದ ಕೆಳಗೊಮ್ಮೆ ಮೇಲೊಮ್ಮೆ ನುಸುಳಿ ಬಂದರೆ ಒಂದು ಜೋಡಿ ಗಂಟು.

ಹೇಳಲು ಸುಲಭ. ಆದರೆ ಇಲ್ಲೊಂದು ಗುಟ್ಟಿದೆ. ಲಾಳಿಯ ದಾರ ಕಟ್ಟಿದ ಗಂಟು ಲಾಳಿಯ ದಾರದಲ್ಲೇ ಉಳಿಯಬಾರದು. ಬಲಗೈ ದಾರವನ್ನು ಬಿಗಿ ಹಿಡಿದು, ಎಡಗೈಯ ನಡುಬೆರಳನ್ನು ತುಸು ಬಗ್ಗಿಸಿ ಸಡಿಲ ಬಿಟ್ಟರೆ, ಗಂಟು ಟಕ್ಕನೆ ಈ ದಾರದಿಂದ ಆ ದಾರಕ್ಕೆ ಜಿಗಿಯುತ್ತದೆ. ಆಮೇಲೆ ನಡುಬೆರಳನ್ನು ಮೇಲೆತ್ತಿದರೆ ಗಂಟು ಜಾರಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಲಾಳಿಯ ದಾರ ಮಾತ್ರ ಒಳಗೆ ನೆಟ್ಟಗೆ ಇರುತ್ತದೆ, ಮಣಿಸರದ ದಾರದ ಹಾಗೆ. ಆಗಲೇ ಉಂಗುರ ಎಳೆದು ಮುಚ್ಚಲು ಬರುವುದು. ಜಿಗಿಯದಿದ್ದರೆ ಬೀಗ ಬಿದ್ದ ಹಾಗೆ, ಅಲ್ಲಾಡುವುದಿಲ್ಲ. ಕಲಿಯುವವರು ವಾರಗಟ್ಟಲೆ ತಿಣುಕುವುದು ಇಲ್ಲೇ. ‘ಗಂಟು ಜಿಗೀಬೇಕು’ ಅನ್ನುವುದು ನಾನು ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅವ್ವನ ಬಾಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು.

ಗಂಟುಗಳ ನಡುವೆ ಅಲ್ಲಲ್ಲಿ ಚೂರು ದಾರ ಬಿಟ್ಟರೆ ಸಣ್ಣ ಕುಣಿಕೆ ನಿಲ್ಲುತ್ತದೆ. ಅದರ ಹೆಸರು ಪಿಕಾಟ್. ಅವ್ವ ಅದಕ್ಕೆ ‘ಕಿವಿ’ ಅನ್ನುತ್ತಾಳೆ. ನೋಡಲು ಅಲಂಕಾರ, ಆದರೆ ಕೆಲಸ ದೊಡ್ಡದು. ಮೊದಲು ಯುರೋಪಿನಲ್ಲಿ ಉಂಗುರಗಳನ್ನು ಬಿಡಿಬಿಡಿಯಾಗಿ ಮಾಡಿ ಆಮೇಲೆ ಸೂಜಿದಾರದಲ್ಲಿ ಹೊಲಿದು ಕೂಡಿಸುತ್ತಿದ್ದರು. 1850ರ ಆಸುಪಾಸಿನಲ್ಲಿ, ಕೈಕೆಲಸದ ಪುಸ್ತಕಗಳಿಗೆ ಹೆಸರಾದ ರೀಗೊ ಡಿ ಲಾ ಬ್ರಾಂಶಾರ್ದಿಯೆರ್ ಎಂಬಾಕೆಯಂಥವರ ಪುಸ್ತಕಗಳ ಮೂಲಕ ಪಿಕಾಟ್ ಹಿಡಿದು ಜೋಡಿಸುವ ಕ್ರಮ ಬಳಕೆಗೆ ಬಂತು. ಒಂದು ಉಂಗುರದ ಕಿವಿಯೊಳಗಿಂದ ಮುಂದಿನ ಉಂಗುರದ ದಾರ ಎಳೆದು ಹೆಣೆಯುತ್ತಾ ಹೋಗುವುದು. ದೊಡ್ಡ ದೊಡ್ಡ ಸುತ್ತುಗಳ ಡೋಯ್ಲಿ ಹಾಕುವುದು ಸಲೀಸಾದದ್ದು ಹಾಗೆ. ಐದನೇ ಸುತ್ತು ನಾಲ್ಕನೆಯದರ ಕಿವಿ ಹಿಡಿದಿರುತ್ತದೆ, ಆರನೆಯದು ಐದನೆಯದರ ಕಿವಿಯನ್ನು. ಫ್ರೆಂಚರು ಈ ಕಲೆಯನ್ನು ‘ಫ್ರಿವೊಲಿತೆ’ ಅನ್ನುತ್ತಾರೆ, ಹಗುರ ಕಾಲಕ್ಷೇಪ ಎಂಬ ಅರ್ಥ. ಇಟಲಿಯವರ ಹೆಸರು ‘ಕ್ಯಾಕ್ಯರೀನೊ’, ಹರಟೆ ಎಂಬ ಮಾತಿನಿಂದ ಬಂದದ್ದು. ಶಕ್ತಿನಗರದ ಆ ಮಧ್ಯಾಹ್ನಗಳನ್ನು ನೋಡಿದ್ದರೆ ಇಟಲಿಯವರೇ ಸರಿ ಅನ್ನುತ್ತಿದ್ದಿರಿ.

ಅಂಕಲ್ ನಿವೃತ್ತರಾಗಿ ಮಂಗಳೂರಿಗೆ ಹೊರಡುವಾಗ ಆಂಟಿ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಹೋದರು. ಅದರಲ್ಲಿ ಅವರ ದುಂಡಕ್ಷರದಲ್ಲಿ ಎಂಟು ಸುತ್ತಿನ ಒಂದು ಡೋಯ್ಲಿಯ ಲೆಕ್ಕ. ‘5-5-5-5, ಮುಚ್ಚು, ತಿರುಗಿಸು, 6-6’ ಹೀಗೆ. ಅದನ್ನು ಹಾಕಿ ಮುಗಿಸಿ ಆಂಟಿಗೇ ಕಳಿಸಬೇಕು ಅನ್ನುವುದು ಅವ್ವನ ಆಸೆ. ಮನೆಗೆಲಸದ ನಡುವೆ ವರ್ಷಕ್ಕೆ ಒಂದೆರಡು ಸುತ್ತಿನಂತೆ ಐದು ಸುತ್ತು ಮುಗಿದವು. ನೂಲು ಸರಿಯಾಗಿ ಎಳೆದ ರಂಗೋಲಿ ಇದ್ದಂಗೆ, ಒಂದು ಉಂಗುರಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ.

ಆರನೇ ಸುತ್ತಿನ ಹೊತ್ತಿಗೆ ಅವ್ವನ ಕೈಬೆರಳ ಗೆಣ್ಣುಗಳು ಊದಿಕೊಳ್ಳಲು ಶುರುವಾದವು. ಬೆಳಿಗ್ಗೆ ಎದ್ದರೆ ತಾಸುಗಟ್ಟಲೆ ಮುಷ್ಟಿ ಬಿಚ್ಚಲು ಬಾರದು. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು ಡಾಕ್ಟರು. ಔಷಧ ಹಿಡಿತಕ್ಕೆ ಬರುವ ಮುಂಚಿನ ಆ ತಿಂಗಳುಗಳಲ್ಲೇ ಅವ್ವ ಆರನೇ ಸುತ್ತು ಹಾಕಿದ್ದಳು. ಹಾಕಿ, ದಾರದ ತುದಿ ಮುಚ್ಚಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಇಟ್ಟುಬಿಟ್ಟಳು. ಅಪ್ಪನೂ ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟು ರಾಯಚೂರಿಗೆ ಬಂದರು, ಡಬ್ಬಿಯೂ ಅಟ್ಟ ಸೇರಿತು.

ಯುಗಾದಿಗೆ ನಾನು ಬೆಂಗಳೂರಿನಿಂದ ಬಂದಾಗ ಅವ್ವ ತಾನಾಗೇ ಡಬ್ಬಿ ತೆಗೆಸಿದಳು.

“ನೀ ಮುಗಸವಾ ಇದನ್ನ. ಆದ್ರ ಮದ್ಲು ಆರನೇ ಸುತ್ತು ಕತ್ತರಿಸಿ ಒಗಿ. ಐದರ ತನಕ ಚಂದ ಅದ. ಅಲ್ಲಿಂದ ನೀ ಹಾಕು.”

“ಯಾಕವ್ವ?”

“ಕಣ್ಣಿಗಿ ಕಾಣ್ಸಲ್ಲೇನು? ಹಲ್ಲು ಬಿದ್ದ ಬಾಯಿ ಆಗ್ಯಾದ. ಆಂಟಿ ನೋಡಿದ್ರ ಏನಂತಾರ?”

ಕಾಣುತ್ತಿತ್ತು, ಸುಳ್ಳೇಕೆ. ಆರನೇ ಸುತ್ತಿನ ಉಂಗುರಗಳು ಒಂದೊಂದು ಒಂದೊಂದು ಅಳತೆ. ಕೆಲವು ಕಿವಿ ಉದ್ದ, ಕೆಲವು ಮೊಂಡು. ಗಂಟುಗಳ ನಡುವೆ ಸಣ್ಣ ಸಣ್ಣ ಸಂದು. ಕಾರಣವೂ ಅಷ್ಟೇ ಸ್ಪಷ್ಟ. ಈ ಕೆಲಸದ ಬಿಗಿ ಎಲ್ಲ ಎಡಗೈ ನಡುಬೆರಳಿನದು. ಅದು ಪೂರ್ತಿ ಮೇಲೆದ್ದರೆ ಗಂಟು ಒತ್ತಾಗಿ ಕೂರುತ್ತದೆ, ಅರ್ಧಕ್ಕೆ ನಿಂತರೆ ಗಂಟೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಊದಿದ ಗೆಣ್ಣು ಎಷ್ಟು ಎದ್ದಿತೋ ಅಷ್ಟೇ ಬಿಗಿ. ಒಂದೇ ಸುತ್ತಿನೊಳಗೆ ಯಾವ ದಿನ ನೋವು ಕಮ್ಮಿ ಇತ್ತು, ಯಾವ ದಿನ ಜಾಸ್ತಿ ಇತ್ತು ಅನ್ನುವುದನ್ನು ಬೆರಳಿಟ್ಟು ತೋರಿಸಬಹುದಿತ್ತು.

ಕತ್ತರಿಸುವುದು ಕಷ್ಟವೇನಲ್ಲ. ಟ್ಯಾಟಿಂಗ್‌ನಲ್ಲಿ ಪ್ರತಿ ಉಂಗುರವೂ ತನ್ನ ಗಂಟಿನಲ್ಲೇ ಭದ್ರ. ಆರನೇ ಸುತ್ತು ಐದನೆಯದರ ಕಿವಿ ಹಿಡಿದಿರುವ ಕಡೆ ಮಾತ್ರ ಚೂಪು ಕತ್ತರಿಯಿಂದ ಆರನೆಯದರ ದಾರ ಕತ್ತರಿಸಿದರೆ, ಒಳಗಿನದಕ್ಕೆ ಏನೂ ಆಗದೆ ಕಳಚಿ ಬರುತ್ತದೆ. ಅದಕ್ಕೇ ಈ ಚರ್ಚೆ ಇಷ್ಟು ಉದ್ದ ಎಳೆದದ್ದು. ಆಗದ ಕೆಲಸ ಆಗಿದ್ದರೆ ಒಂದೇ ದಿನದಲ್ಲಿ ಮಾತು ಮುಗಿಯುತ್ತಿತ್ತು.

ನನಗೆ ಮನಸ್ಸಿರಲಿಲ್ಲ. ಆದರೆ ಕೆಲಸ ಅವಳದು, ಕೈ ಅವಳದು, ಕಳಿಸುವುದು ಅವಳ ಗೆಳತಿಗೆ. ‘ಪರವಾಗಿಲ್ಲ ಬಿಡವ್ವ, ಚೆನ್ನಾಗೇ ಇದೆ’ ಅನ್ನುವ ಮಾತು ಅವಳಿಗೆ ಅವಮಾನ. ಲೇಸ್ ಗೊತ್ತಿದ್ದವಳಿಗೆ ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅಂದರೆ ಅವಳ ಕಣ್ಣಿಗೂ ವಯಸ್ಸಾಯಿತು ಅಂದ ಹಾಗೆ. ಒಮ್ಮೆ ಆಯಿಯ ಕೌದಿಯನ್ನು ಸಾಕ್ಷಿಗೆ ಎಳೆದು ತಂದೆ. ಹಳೇ ಸೀರೆ, ಧೋತರದ ತುಂಡು ಕೂಡಿಸಿ ಹೊಲಿದ ಕೌದಿ. ಅದರಲ್ಲಿ ಒಂದು ಚೌಕದ ಹಾಗೆ ಇನ್ನೊಂದು ಇಲ್ಲ, ಹೊಲಿಗೆ ಸಾಲು ಎಲ್ಲೆಲ್ಲೋ ಹೋಗುತ್ತದೆ, ಅದನ್ನು ಯಾರಾದರೂ ಕತ್ತರಿಸುತ್ತಾರಾ ಅಂದೆ.

“ಕೌದಿ ಕೌದಿನೇ, ಲೇಸ್ ಲೇಸೇ. ಕೌದಿಗಿ ಲೆಕ್ಕ ಇರಲ್ಲ. ಇದಕ್ಕ ಲೆಕ್ಕ ಅದ” ಅಂದಳು.

ಮಾತು ಸರಿಯೇ. ನಮ್ಮ ಕಡೆಯ ಕಸೂತಿಗೂ ಲೆಕ್ಕ ಇದೆ, ಎಳೆ ಎಣಿಸಿಯೇ ಹಾಕಬೇಕು. ಅಲ್ಲಿ ಗಂಟು ಕಂಡರೆ ಸೋತಂತೆ, ಮುಂದೂ ಹಿಂದೂ ಒಂದೇ ಥರ ಕಾಣಬೇಕು. ಟ್ಯಾಟಿಂಗ್‌ನಲ್ಲಿ ಗಂಟು ಬಿಟ್ಟರೆ ಬೇರೇನೂ ಇಲ್ಲ, ಆದರೆ ಪ್ರತಿ ಗಂಟಿಗೂ ಎಣಿಕೆ ಇದೆ. ಆ ರಾತ್ರಿ ಅವ್ವನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಲೆಕ್ಕ ಇರುವುದಾದರೆ, ಲೆಕ್ಕ ಹಾಕಿ ನೋಡಿದರಾಯಿತಲ್ಲ.

ಮರುದಿನ ಬೆಳಿಗ್ಗೆ ಡೋಯ್ಲಿಯನ್ನು ಕರೀ ಬಟ್ಟೆಯ ಮೇಲೆ ಹರಡಿದೆ. ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಒಂದೊಂದು ಗಂಟೂ ಜೋಳದ ಕಾಳಿನಷ್ಟು ಕಾಣುತ್ತದೆ. ಅವ್ವನ ಕೈಗೆ ಆಂಟಿಯ ನೋಟ್‌ಬುಕ್ ಕೊಟ್ಟೆ. ನಾನು ಎಣಿಸುವುದು, ಅವಳು ಹೊಂದಿಸಿ ನೋಡುವುದು.

ಮೊದಲನೇ ಉಂಗುರ: ಐದು, ಕಿವಿ, ಐದು, ಕಿವಿ, ಐದು, ಕಿವಿ, ಐದು. ಸರಿ. ಎರಡನೆಯದು, ಸರಿ. ಹತ್ತನೆಯದು ಎಲ್ಲಕ್ಕಿಂತ ಸೊಟ್ಟ, ಅದಕ್ಕೆ ಬಂದಾಗ ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಐದು, ಐದು, ಐದು, ಐದು. ಸರಿ. ಆ ಸುತ್ತಿನಲ್ಲಿ 24 ಉಂಗುರ, ಒಂದೊಂದಕ್ಕೆ 20 ಜೋಡಿ ಗಂಟು, ಒಟ್ಟು 480. ಉಂಗುರಗಳ ನಡುವಿನ ಕಮಾನುಗಳು 24, ಒಂದೊಂದಕ್ಕೆ 12, ಅವು 288. ಎಲ್ಲ ಕೂಡಿಸಿದರೆ 768. ಮುಷ್ಟಿ ಬಿಚ್ಚಲು ಬಾರದ ದಿನಗಳಲ್ಲಿ ಹಾಕಿದ 768 ಜೋಡಿ ಗಂಟು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಜಿಗಿಯದೆ ಸಿಕ್ಕಿಕೊಂಡ ಗಂಟೂ ಒಂದಿಲ್ಲ. ಇದ್ದಿದ್ದರೆ ಆ ಉಂಗುರ ಮುಚ್ಚುತ್ತಲೇ ಇರಲಿಲ್ಲ.

“ಅಷ್ಟೂ ಸರಿ ಅದನ?”

“ಅಷ್ಟೂ.”

ಅವ್ವ ಸ್ವಲ್ಪ ಹೊತ್ತು ನೋಟ್‌ಬುಕ್ ನೋಡುತ್ತಾ ಕೂತಳು. ಆಮೇಲೆ ಅದನ್ನು ಮುಚ್ಚಿ ನನ್ನ ಕಡೆ ಸರಿಸಿದಳು. “ಚಹಾ ಇಡು. ಏಳನೇದಕ್ಕ ದಾರ ಎಲ್ಲಿ ಸಿಗ್ತದ ನೋಡು” ಅಂದಳು. ಕತ್ತರಿಯ ಮಾತು ಅಲ್ಲಿಗೆ ನಿಂತಿತು.

ಏಳು ಮತ್ತು ಎಂಟನೇ ಸುತ್ತು ನಾನು ಹಾಕಿದೆ. ಆಫೀಸ್ ಮುಗಿದ ಮೇಲೆ ಒಂದು ಉಂಗುರ, ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಇದ್ದಾಗ ಇನ್ನೊಂದು. ಏಳನೇ ಸುತ್ತು ಹಿಡಿಯಬೇಕಾದದ್ದು ಅವ್ವನ ಆರನೇ ಸುತ್ತಿನ ಕಿವಿಗಳನ್ನೇ. ಉದ್ದ ಕಿವಿಗೆ ದಾರ ಸಲೀಸಾಗಿ ನುಸುಳುತ್ತಿತ್ತು. ಮೊಂಡು ಕಿವಿಗೆ ಸಣ್ಣ ಕ್ರೋಶಾ ಕಡ್ಡಿ ತೂರಿಸಿ, ಉಸಿರು ಬಿಗಿಹಿಡಿದು ಎಳೆಯಬೇಕಿತ್ತು. ಹೀಗೆ 24 ಕಿವಿ ದಾಟುವಷ್ಟರಲ್ಲಿ ಅವ್ವನ ಆ ವರ್ಷದ ಒಂದೊಂದು ದಿನವನ್ನೂ ಮುಟ್ಟಿ ಬಂದ ಹಾಗಿತ್ತು.

ದಾರದ್ದು ಇನ್ನೊಂದು ಕಥೆ. 40ನೇ ನಂಬರಿನ ಅದೇ ಕಂಪನಿಯ ಅದೇ ಕೆನೆಬಣ್ಣದ ಉಂಡೆ ತರಿಸಿದೆ. ಪಕ್ಕದಲ್ಲಿಟ್ಟರೆ ಬೇರೆಯೇ ಬಣ್ಣ. ಬಣ್ಣ ಹಾಕುವ ಲಾಟ್ ಬದಲಾದರೆ ಛಾಯೆಯೂ ತುಸು ಬದಲಾಗುತ್ತದೆ. ಮೇಲಾಗಿ ಹಳೆಯದು ಡಬ್ಬಿಯಲ್ಲಿ ಕೂತು ಹಳದಿಗೆ ತಿರುಗಿತ್ತು. ಚಹಾದ ತಿಳಿ ಡಿಕಾಕ್ಷನ್‌ನಲ್ಲಿ ಅದ್ದಿದರೆ ಹೊಸ ದಾರವೂ ಹಳೆಯದರ ಹಾಗೆ ಕಾಣುತ್ತದೆ, ಬಹಳ ಜನ ಹಾಗೇ ಮಾಡುತ್ತಾರೆ. ಅವ್ವನಿಗೆ ಹೇಳಿದರೆ, “ಯಾಕ? ನಾಕು ವರ್ಷಕ್ಕ ಅದೂ ಹಳದಿ ಆಗ್ತದ ತಗೊ. ಚಹಾ ಕುಡಿಯಾಕಿರ್ಲಿ” ಅಂದಳು.

ಇನ್ನು ನನ್ನ ಕೈ ಬಿಗಿ. ಚಿಕ್ಕಂದಿನಿಂದಲೂ ಹಾಗೇ. ದುಂಡನೆಯ ಲೇಸ್ ಸಮತಟ್ಟಾಗಿ ಕೂರಬೇಕಾದರೆ ಹೊರಗೆ ಹೋದಂತೆ ಸುತ್ತಳತೆ ಸರಿಯಾದ ಪ್ರಮಾಣದಲ್ಲಿ ಹೆಚ್ಚಬೇಕು. ಹೆಚ್ಚಾದರೆ ಅಂಚು ಸೆರಗಿನ ನಿರಿಗೆಯಂತೆ ಅಲೆಯಾಗುತ್ತದೆ, ಕಮ್ಮಿಯಾದರೆ ಬಟ್ಟಲಾಗುತ್ತದೆ. ಒಳಗೆ ಅವ್ವನ ಸಡಿಲ ಆರನೇ ಸುತ್ತು, ಹೊರಗೆ ನನ್ನ ಬಿಗಿ ಎರಡು ಸುತ್ತು. ಎಂಟನೆಯದು ಮುಗಿದ ದಿನ ನೆಲದ ಮೇಲಿಟ್ಟರೆ ನಡುವೆ ಪೂರಿಯ ಹಾಗೆ ಉಬ್ಬಿ ಕೂತಿತು. ಅಪ್ಪ ಹಾದುಹೋಗುವಾಗ ನೋಡಿ, “ಟೊಪಿಗಿ ಮಾಡೀರೇನು?” ಅಂದರು.

ಅದಕ್ಕೆ ಮದ್ದಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಕರಗಿಸಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ತೆಳು ಅಕ್ಕಿ ಗಂಜಿಯಲ್ಲಿ ಮುಳುಗಿಸಿ ತೆಗೆದೆ. ಥರ್ಮೋಕೋಲ್ ಹಲಗೆಯ ಮೇಲೆ ಕಾಗದ ಹಾಸಿ, ಕಂಪಾಸಿನಲ್ಲಿ ವೃತ್ತ ಎಳೆದು, ತುಕ್ಕು ಹಿಡಿಯದ ಗುಂಡುಸೂಜಿಯಲ್ಲಿ ಒಂದೊಂದು ಕಿವಿಯನ್ನೂ ಗೆರೆಗೆ ಚುಚ್ಚಿ ನಿಲ್ಲಿಸಿದೆ. ರಾಯಚೂರಿನ ಬಿಸಿಲಿಗೆ ಒಂದು ತಾಸಿನೊಳಗೆ ಹಪ್ಪಳದಂತೆ ಒಣಗಿತು. ಉಬ್ಬು ಹೆಚ್ಚುಕಡಿಮೆ ಇಳಿಯಿತು. ಒಂದು ಬದಿಯಲ್ಲಿ ತುಸು ಅಲೆ ಉಳಿಯಿತು. ಬೆಳಕಿಗೆ ಹಿಡಿದರೆ ಆರನೇ ಸುತ್ತಿನ ಹೊಯ್ದಾಟವೂ ಕಾಣುತ್ತದೆ, ಅಲ್ಲಿಂದಾಚೆ ಬಣ್ಣ ಬದಲಾದದ್ದೂ ಕಾಣುತ್ತದೆ. ನೀರು ತುಂಬಿದ ಸ್ಟೀಲ್ ಲೋಟ ಇಟ್ಟು ನೋಡಿದೆ. ಅಲ್ಲಾಡಲಿಲ್ಲ.

ಎರಡು ರಟ್ಟಿನ ನಡುವೆ ಇಟ್ಟು, ಮಡಚದೆ, ಮಂಗಳೂರಿಗೆ ಕಳಿಸಿದೆವು. ಪಾರ್ಸೆಲ್ ಮುಟ್ಟುವವರೆಗೆ ಅವ್ವ ಆ ಮಾತೇ ಎತ್ತಲಿಲ್ಲ. ನಾಲ್ಕನೇ ದಿನ ಸಂಜೆ ಫೋನ್ ಬಂತು. ಸ್ಪೀಕರ್ ಹಾಕಿದ್ದಳು. ಆಂಟಿ ಚೆನ್ನಾಗಿದೆ ಅನ್ನಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಮೊದಲ ಮಾತೇ ಇದು:

“ಆರನೇ ಸುತ್ತು ಹಾಕುವಾಗ ಕೈ ತುಂಬಾ ನೋಯ್ತಾ ಇತ್ತಾ ಮಾರಾಯ್ತಿ?”

ಅವ್ವ ಈ ಕಾಯಿಲೆಯ ವಿಷಯವನ್ನು ಆಂಟಿಗೆ ಹೇಳಿರಲೇ ಇಲ್ಲ. ನೆಂಟರಿಗೂ ಹೇಳಿದವಳಲ್ಲ. ಮದುವೆ ಮುಂಜಿಗೆ ಹೋದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುವವಳು. ಸ್ಪೀಕರ್ ಆಫ್ ಮಾಡಿ, ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಮುಕ್ಕಾಲು ತಾಸು ಮಾತಾಡಿದಳು. ಅಡುಗೆಮನೆಯ ಕಿಟಕಿಯಿಂದ ಅಷ್ಟಿಷ್ಟು ಕೇಳಿಸುತ್ತಿತ್ತು. ಮುಂಜಾನೆ ಹೊತ್ತು ಹಲ್ಲುಜ್ಜುವ ಬ್ರಶ್ ಹಿಡಿಯಲು ಬಾರದ್ದು, ರೊಟ್ಟಿ ಬಡಿಯುವುದು ಬಿಟ್ಟದ್ದು, ಮಾತ್ರೆ ಶುರುವಾದ ಮೇಲೆ ವಾಸಿ ಆದದ್ದು, ಎಲ್ಲ ಹೇಳಿದಳು. ನಡುನಡುವೆ ನಕ್ಕಳು ಕೂಡ.

ಆಂಟಿಯ ಮನೆಯಲ್ಲಿ ಆ ಡೋಯ್ಲಿ ಈಗ ಟೀಪಾಯಿ ಮೇಲಿದೆ. ಫೋಟೊ ಕಳಿಸಿದ್ದಾರೆ. ಮೇಲೆ ಹೂದಾನಿ ಇಟ್ಟಿಲ್ಲ, ಇಟ್ಟರೆ ನಡುವಿನ ಸುತ್ತುಗಳು ಮುಚ್ಚಿಹೋಗುತ್ತವಂತೆ. ಗಂಜಿ ಹಾಕಿದ್ದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಹುಳ ಬೀಳುತ್ತದೆ, ಅದಕ್ಕೇ ಹೊರಗೇ ಇಟ್ಟಿದ್ದೇನೆ ಅಂತಲೂ ಬರೆದಿದ್ದರು.

ಹೋದ ವಾರ ಅವ್ವ ನನಗೊಂದು ಪಟ್ಟಿ ಹೇಳಿದಳು. 10ನೇ ನಂಬರಿನ ದಪ್ಪ ದಾರ ಎರಡು ಉಂಡೆ, ಹಿಡಿಯಲು ಸುಲಭವಾಗುವ ದೊಡ್ಡ ಲಾಳಿ ಒಂದು. ನಂಬರು ಕಮ್ಮಿ ಆದಷ್ಟೂ ದಾರ ದಪ್ಪ, ಗಂಟು ದೊಡ್ಡದು, ಬೆರಳಿಗೆ ಶ್ರಮ ಕಮ್ಮಿ. ಆಂಟಿ ಹೇಳಿದ್ದಂತೆ: ದಿನಕ್ಕೆ ಹತ್ತೇ ನಿಮಿಷ, ಅದೂ ಮಧ್ಯಾಹ್ನ, ಕೈ ಸಡಿಲಾದ ಮೇಲೆ, ನೋವಾದ ತಕ್ಷಣ ಬಿಟ್ಟುಬಿಡಬೇಕು.

“ಏನು ಹಾಕ್ತಿ ಅವ್ವ?” ಅಂತ ಕೇಳಿದೆ.

“ಏನರ ಆಗ್ಲಿ. ಮದ್ಲು ಒಂದು ಉಂಗ್ರ ಮುಚ್ಚಿ ನೋಡ್ತೀನಿ” ಅಂದಳು.